ಕಡಲಾಚೆಯ ನಾಮಕರಣ

ಮಗುವಿಗೆ ಹೆಸರಿಡುವುದು ನಮ್ಮಲ್ಲಿ ಎಂದೂ ತಂದೆತಾಯಿಗಳಿಬ್ಬರದೇ ಕೆಲಸವಾಗಿರಲಿಲ್ಲ. ಹೆರಿಗೆಯಾದ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೆಸರು ಬರೆದು, ಮಗುವಿನ ಕಿವಿಯಲ್ಲಿ ಉಸುರುವ ಪದ್ಧತಿ ಅನೇಕ ಮನೆಗಳಲ್ಲಿದೆ. ಜನ್ಮನಕ್ಷತ್ರದ ಅಕ್ಷರ, ಮನೆದೇವರು, ತೀರಿಕೊಂಡ ಅಜ್ಜ, ಎಲ್ಲರಿಗೂ ಅದರಲ್ಲಿ ಪಾಲುಂಟು. ಅವಸರವಂತೂ ಇಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯೂ ಈ ನಿಧಾನವನ್ನು ಒಪ್ಪಿಕೊಂಡಿದೆ: ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸಬಹುದು.

ಅಮೆರಿಕದಲ್ಲಿ ಈ ವ್ಯವಧಾನ ಕಡಿಮೆ. ತಾಯಿ ಮಗು ಆಸ್ಪತ್ರೆಯಿಂದ ಹೊರಡುವ ಮೊದಲೇ ಸಾಮಾನ್ಯವಾಗಿ ಜನನಪತ್ರದ ಅರ್ಜಿ ತುಂಬಿಸಿಕೊಳ್ಳುತ್ತಾರೆ. ಆದ್ದರಿಂದ ಅಲ್ಲಿನ ಭಾರತೀಯ ದಂಪತಿಗಳು ಬಸುರಿನ ತಿಂಗಳುಗಳಲ್ಲೇ ಹೆಸರು ಹುಡುಕತೊಡಗುತ್ತಾರೆ.

ಅರ್ಜಿಯಲ್ಲಿ ಕುಲನಾಮಕ್ಕೂ ಒಂದು ಅಂಕಣವಿರುತ್ತದೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮನೆತನದ ಹೆಸರು ಕೊನೆಗಿದೆ, ಅಂಕಣಕ್ಕೆ ಸರಿಹೊಂದುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ, ಕೊನೆಯದು ಸ್ವಂತ ಹೆಸರು. ಅಡ್ಡಹೆಸರಿನ ರೂಢಿಯಿಲ್ಲದ ಕಡೆಯಿಂದ ಹೋದವರು ಈ ಅಂಕಣದೆದುರು ತಡವರಿಸುವುದು ಇದಕ್ಕೇ. ಎಷ್ಟೋ ಕುಟುಂಬಗಳಲ್ಲಿ ತಂದೆಯ ಸ್ವಂತ ಹೆಸರೇ ಮಕ್ಕಳ ಕುಲನಾಮವಾಗಿಬಿಡುತ್ತದೆ.

ಇದೇನೂ ಹೊಸದಲ್ಲ. 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರನ್ನು ಕರಾರಿನ ಕೂಲಿಗಳಾಗಿ ಫಿಜಿಗೆ ಸಾಗಿಸಲಾಯಿತು. ವಲಸೆಯ ಚೀಟಿಯಲ್ಲಿ ಗುಮಾಸ್ತ ಬರೆದದ್ದೇ ಅವರ ಹೆಸರಾಯಿತು. ಅಲ್ಲಿ ರಾಮ್, ಲಾಲ್, ಪ್ರಸಾದ್ ಇಂದು ಕುಲನಾಮಗಳು. 1860ರಿಂದ ಭಾರತೀಯ ಕೂಲಿಗಳು ಹೋದ ದಕ್ಷಿಣ ಆಫ್ರಿಕದ ನೇಟಾಲಿನಲ್ಲಿ ಗೌಂಡರ್ ಗೋವೆಂಡರ್ ಆದರೆ, ಮುದಲಿಯಾರ್ ಮೂಡ್ಲಿಯಾಯಿತು. ಹೆಸರು ಹೊತ್ತವರನ್ನು ಯಾರೂ ಕೇಳಲಿಲ್ಲ.

1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಸಡಿಲಿಸಿದ ಮೇಲೆ ಹೋದ ವೈದ್ಯರು, ಎಂಜಿನಿಯರುಗಳ ಸ್ಥಿತಿ ಬೇರೆ. ಹೆಸರನ್ನು ಬರೆದುಕೊಡುವವರು ಅವರೇ. ಆದರೆ ಬರೆಯುವ ಮುನ್ನ ಪರರ ನಾಲಗೆಯನ್ನು ನೆನೆಯುತ್ತಾರೆ. ಇಂಗ್ಲಿಷರ ಬಾಯಲ್ಲಿ ದಿಲೀಪ ಡಿಲೀಪನಾಗುತ್ತಾನೆ; ಭಾರತಿಯ ಮಹಾಪ್ರಾಣ ಉಳಿಯುವುದಿಲ್ಲ. ಅಕಾರಾಂತವಾದ ಕೃಷ್ಣ, ಆದಿತ್ಯ ಹೆಣ್ಣು ಹೆಸರುಗಳಂತೆ ಕೇಳಿಸುತ್ತವೆ. ಮಾಯಾ, ತಾರಾ, ನೀಲ್, ಜಯ್ ಮುಂತಾದ ಹೆಸರುಗಳ ಆಕರ್ಷಣೆ ಇಲ್ಲಿದೆ. ಅವು ಎರಡೂ ಕಡೆ ಸಲ್ಲುತ್ತವೆ.

ಗಂಡೋ ಹೆಣ್ಣೋ ಎಂಬ ಈ ಗೊಂದಲ ಜರ್ಮನಿಯಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಹೆಣ್ಣುಮಗುವೊಂದಕ್ಕೆ ಕಿರಣ್ ಎಂದು ಹೆಸರಿಟ್ಟಾಗ ನೋಂದಣಿ ಅಧಿಕಾರಿ ಒಪ್ಪಲಿಲ್ಲ. ಹೆಣ್ಣೆಂದು ತೋರಿಸುವ ಇನ್ನೊಂದು ಹೆಸರೂ ಬೇಕೆಂದರು. 2008ರ ಡಿಸೆಂಬರಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತಂದೆತಾಯಿಗಳ ಪರ ತೀರ್ಪಿತ್ತಿತು. ಹೆಸರೇ ಲಿಂಗವನ್ನು ಸೂಚಿಸಬೇಕೆಂಬ ನಿಯಮ ಕಾನೂನಿನಲ್ಲಿಲ್ಲ ಎಂದಿತು.

ಕಷ್ಟದ ಹೆಸರು ಮಗುವಿಗೆ ಹೊರೆಯಾದೀತೇ? ಅಮೆರಿಕದಲ್ಲಿ ಎರಡು ಬಗೆಯ ಉತ್ತರಗಳಿವೆ. 1971ರಲ್ಲಿ ಹುಟ್ಟಿದ ಪೀಯೂಷ್ ಜಿಂದಾಲ್ ಬಾಲ್ಯದಲ್ಲೇ ಟಿ.ವಿ. ಧಾರಾವಾಹಿಯೊಂದರ ಹುಡುಗನ ಹೆಸರು ಹಿಡಿದು ಬಾಬಿಯಾದರು. 2008ರಲ್ಲಿ ಲೂಸಿಯಾನಾದ ರಾಜ್ಯಪಾಲರಾದರು. ತಮಿಳು ತಾಯಿ ಶ್ಯಾಮಲಾ ಗೋಪಾಲನ್ ಅವರಿಗೆ 1964ರಲ್ಲಿ ಜನಿಸಿದ ಕಮಲಾ ಹ್ಯಾರಿಸ್ ಇಟ್ಟ ಹೆಸರನ್ನೇ ಉಳಿಸಿಕೊಂಡರು. ಅದನ್ನು ಉಚ್ಚರಿಸುವ ಬಗೆಯನ್ನು 2019ರ ತಮ್ಮ ಪುಸ್ತಕದಲ್ಲಿ ವಿವರಿಸಬೇಕಾಯಿತು. ತಪ್ಪಾಗಿ ಕರೆದು ಅಣಕಿಸಿದವರೂ ಇದ್ದರು. ಆದರೂ 2021ರಲ್ಲಿ ಉಪಾಧ್ಯಕ್ಷೆಯಾಗಲು ಹೆಸರು ಅಡ್ಡಬರಲಿಲ್ಲ.

ನೂರು ವರ್ಷಗಳ ಹಿಂದೆ ಹೆಸರನ್ನು ತಿದ್ದುತ್ತಿದ್ದವನು ಬಂದರಿನ ಗುಮಾಸ್ತ. ಈಗ ಆ ಗುಮಾಸ್ತ ತಂದೆತಾಯಿಗಳ ಮನಸ್ಸಿನೊಳಗೇ ಕುಳಿತಿದ್ದಾನೆ. ಹೆಸರು ಹುಟ್ಟುವ ಮೊದಲೇ ಅದನ್ನು ಕತ್ತರಿಸಿ ನೇರ್ಪುಗೊಳಿಸುತ್ತಾನೆ. ಅವನ ಮಾತನ್ನು ಎಷ್ಟು ಕೇಳಬೇಕು, ಊರಿನಲ್ಲಿರುವ ಅಜ್ಜಿಯ ಮಾತನ್ನು ಎಷ್ಟು ಕೇಳಬೇಕು ಎಂಬುದೇ ಅವರ ನಿಜವಾದ ಚಿಂತೆ. ಹನ್ನೆರಡನೆಯ ದಿನದ ತೊಟ್ಟಿಲ ಶಾಸ್ತ್ರ ಅಲ್ಲಿಯೂ ನಡೆಯುತ್ತದೆ. ಕಿವಿಯಲ್ಲಿ ಉಸುರುವ ಹೆಸರು ಮಾತ್ರ ಅಷ್ಟು ಹೊತ್ತಿಗೆ ಸರ್ಕಾರದ ಕಡತ ಸೇರಿರುತ್ತದೆ.