ಅಡುಗೆಮನೆಯ ಇತಿಹಾಸದಲ್ಲಿ ಮೂವರು ಮಹಿಳೆಯರು

ಮನೆಯಲ್ಲಿ ಯಾರಿಗಾದರೂ ವಾಂತಿ-ಭೇದಿ ಶುರುವಾದರೆ ನಾವು ಮೊದಲು ಕೇಳುವುದು "ಅಡುಗೆ ಮಾಡಿದ್ದು ಯಾರು?" ಎಂದು. ಎರಡನೆಯ ಪ್ರಶ್ನೆ "ಹೊರಗೆ ಏನು ತಿಂದೆ?" ಎನ್ನುವುದು. ಆಹಾರದಿಂದ ಕಾಯಿಲೆ ಹೇಗೆ ಬರುತ್ತದೆ ಎಂಬ ತಿಳಿವಳಿಕೆ ಬೆಳೆದು ಬಂದ ದಾರಿಯಲ್ಲಿ ಲೂಯಿ ಪಾಶ್ಚರ್, ರಾಬರ್ಟ್ ಕಾಕ್ ಅವರ ಹೆಸರು ಎಲ್ಲರಿಗೂ ಗೊತ್ತು. ಅದೇ ದಾರಿಯಲ್ಲಿ ಒಬ್ಬ ಗೃಹಿಣಿ, ಒಬ್ಬ ಅಡುಗೆಯವರು ಮತ್ತು ಒಬ್ಬ ವಿಜ್ಞಾನಿಯೂ ಇದ್ದಾರೆ. ಮೂವರೂ ಮಹಿಳೆಯರು.

ಗೃಹಿಣಿಯ ಹೆಸರು ಫ್ಯಾನಿ ಹೆಸ್ಸೆ. 1881ರಲ್ಲಿ ಅವರ ಪತಿ ವಾಲ್ಟರ್ ಹೆಸ್ಸೆ ಜರ್ಮನಿಯಲ್ಲಿ ಕಾಕ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಆಗ ಬ್ಯಾಕ್ಟೀರಿಯಾ ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಅದು ಬೇಸಿಗೆಯಲ್ಲಿ ಕರಗಿ ನೀರಾಗಿ ಪ್ರಯೋಗವೇ ಹಾಳಾಗುತ್ತಿತ್ತು. "ನಿನ್ನ ಜೆಲ್ಲಿ ಮಾತ್ರ ಸೆಕೆಯಲ್ಲೂ ಹೇಗೆ ಗಟ್ಟಿಯಾಗಿರುತ್ತದೆ?" ಎಂದು ಪತಿ ಕೇಳಿದಾಗ ಫ್ಯಾನಿ ಕೊಟ್ಟ ಉತ್ತರ ಅಗರ್-ಅಗರ್. ನಮ್ಮ ಕಿರಾಣಿ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವುದು ಇದೇ. ಜಾವಾದಲ್ಲಿ ಇದ್ದು ಬಂದ ನೆರೆಯವರಿಂದ ಅವರು ಅದನ್ನು ಕಲಿತಿದ್ದರು. ಇಂದಿಗೂ ಪ್ರಪಂಚದ ಲ್ಯಾಬುಗಳಲ್ಲಿ ಆಹಾರ, ನೀರು ಪರೀಕ್ಷಿಸುವಾಗ ಬ್ಯಾಕ್ಟೀರಿಯಾ ಬೆಳೆಸುವುದು ಅಗರ್ ಮೇಲೆಯೇ. 1882ರ ಕ್ಷಯರೋಗದ ಪ್ರಬಂಧದಲ್ಲಿ ಕಾಕ್ ಅಗರ್ ಪ್ರಸ್ತಾಪ ಮಾಡಿದರು. ಹೆಸ್ಸೆ ದಂಪತಿಯ ಹೆಸರು ಹೇಳಲಿಲ್ಲ.

ಎರಡನೆಯವರು ಮೇರಿ ಮಲನ್. ಐರ್ಲೆಂಡಿನಿಂದ ಅಮೆರಿಕಕ್ಕೆ ಬಂದು ಶ್ರೀಮಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರು. 1906ರ ಬೇಸಿಗೆಯಲ್ಲಿ ನ್ಯೂಯಾರ್ಕ್ ಸಮೀಪದ ಆಯ್ಸ್ಟರ್ ಬೇ ಎಂಬಲ್ಲಿ ಒಂದೇ ಮನೆಯ 11 ಜನರಲ್ಲಿ 6 ಮಂದಿಗೆ ಟೈಫಾಯ್ಡ್ ಬಂತು. ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಎಂಜಿನಿಯರ್ ಜಾಡು ಹಿಡಿದು ಹೋದಾಗ, ಮೇರಿ ಕೆಲಸ ಮಾಡಿದ್ದ ಬೇರೆ ಮನೆಗಳಲ್ಲೂ ಟೈಫಾಯ್ಡ್ ಕಾಣಿಸಿಕೊಂಡಿದ್ದು ತಿಳಿಯಿತು. ಬೇಯಿಸಿದ ಅಡುಗೆಯಲ್ಲಿ ರೋಗಾಣು ಸಾಯುತ್ತದೆ. ಹಸಿ ಪೀಚ್ ಹಣ್ಣು ಹಾಕಿದ ಐಸ್‌ಕ್ರೀಮ್‌ಗೆ ಬೆಂಕಿಯ ಕಾವಲಿಲ್ಲ. ಅದರಿಂದಲೇ ರೋಗ ಹರಡಿತೆಂದು ಸೋಪರ್ ತರ್ಕಿಸಿದರು.

ಮೇರಿ ಮಾತ್ರ ಗಟ್ಟಿಮುಟ್ಟಾಗಿದ್ದರು. ಕಾಯಿಲೆಯೇ ಇಲ್ಲದ ತನ್ನಿಂದ ಕಾಯಿಲೆ ಹರಡುತ್ತದೆ ಎಂದರೆ ಅವರು ನಂಬಲಿಲ್ಲ. 1907ರಿಂದ 1910ರವರೆಗೆ ಅವರನ್ನು ಪ್ರತ್ಯೇಕವಾಗಿ ಕೂಡಿಟ್ಟರು. ಮತ್ತೆ ಅಡುಗೆ ಮಾಡುವುದಿಲ್ಲ ಎಂಬ ಮಾತಿನ ಮೇಲೆ ಬಿಟ್ಟರು. ಬೇರೆ ಹೆಸರಿನಲ್ಲಿ ಅಡುಗೆಗೆ ಮರಳಿದ ಮೇರಿ 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದರು. ಅಲ್ಲಿ 25 ಜನರಿಗೆ ಟೈಫಾಯ್ಡ್ ಬಂದು ಇಬ್ಬರು ತೀರಿಕೊಂಡಿದ್ದರು. 1938ರಲ್ಲಿ ಸಾಯುವವರೆಗೂ ಮೇರಿಗೆ ಬಿಡುಗಡೆಯಾಗಲಿಲ್ಲ. ಅಷ್ಟರಲ್ಲಿ ಅವರಂಥ ನೂರಾರು ಆರೋಗ್ಯವಂತ ವಾಹಕರು ನ್ಯೂಯಾರ್ಕಿನಲ್ಲಿ ಪತ್ತೆಯಾಗಿದ್ದರು. ಜೀವಮಾನದ ಬಂಧನ ಮಾತ್ರ ಈ ಬಡ, ಒಂಟಿ ಅಡುಗೆಯವರಿಗೇ ಬಂತು.

ಮೂರನೆಯವರು ಅಲೀಸ್ ಇವಾನ್ಸ್, ಅಮೆರಿಕದ ಕೃಷಿ ಇಲಾಖೆಯ ಬ್ಯಾಕ್ಟೀರಿಯಾ ತಜ್ಞೆ. ಹಸುಗಳಲ್ಲಿ ಗರ್ಭಪಾತ ಉಂಟುಮಾಡುವ ರೋಗಾಣುವೂ ಆಡಿನ ಹಾಲಿನಿಂದ ಮನುಷ್ಯರಿಗೆ ಬರುವ ಮಾಲ್ಟಾ ಜ್ವರದ ರೋಗಾಣುವೂ ಹತ್ತಿರದ ಸಂಬಂಧಿಗಳು ಎಂದು 1917ರಲ್ಲಿ ತೋರಿಸಿಕೊಟ್ಟರು. ನೋಡಲು ಚೆನ್ನಾಗಿಯೇ ಇರುವ ಹಸುವಿನ ಹಸಿ ಹಾಲೂ ಅಪಾಯ, ಹಾಲನ್ನು ಪಾಶ್ಚರೀಕರಿಸಬೇಕು ಎಂದರು. ದೊಡ್ಡ ದೊಡ್ಡ ವಿಜ್ಞಾನಿಗಳು ಒಪ್ಪಲಿಲ್ಲ. 1922ರಲ್ಲಿ ಅದೇ ಸೋಂಕು ಅವರಿಗೇ ತಗುಲಿತು. ವರ್ಷಗಟ್ಟಲೆ ನರಳಿದರೂ ವೈದ್ಯರು ಅದನ್ನು ನರದೌರ್ಬಲ್ಯವೆಂದು ತಳ್ಳಿಹಾಕಿದ್ದುಂಟು. ಕೊನೆಗೆ ಬೇರೆಯವರ ಸಂಶೋಧನೆಗಳೂ ಅವರ ಮಾತನ್ನೇ ಹೇಳಿದವು. 1928ರಲ್ಲಿ ಅವರು ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸುವ ಪಾಶ್ಚರೀಕರಣ ಇಂದು ಲೋಕರೂಢಿ.

ಕಣ್ಣಿಗೆ ಕಾಣುವ ಶುಚಿ, ಮೈಯ ಆರೋಗ್ಯ ಇವೆರಡನ್ನೇ ನಂಬಿದರೆ ಸಾಲದು ಎಂಬುದು ಮೇರಿ ಮತ್ತು ಅಲೀಸ್ ಅವರ ಕಥೆಗಳ ತಿರುಳು. ನಮ್ಮ ಹಿರಿಯರ ಎಂಜಲು-ಮುಸುರೆಯ ನಿಯಮದಲ್ಲಿ ಕೈ ತೊಳೆಯುವ ಒಳ್ಳೆಯ ಅಭ್ಯಾಸವಿತ್ತು. ಅದರ ಜೊತೆಗಿದ್ದ ಮಡಿ ಮಾತ್ರ ಕೈಯ ಜಾತಿಯನ್ನೂ ನೋಡುತ್ತಿತ್ತು. ಬ್ಯಾಕ್ಟೀರಿಯಾ ಅದನ್ನು ನೋಡುವುದಿಲ್ಲ. ಇಂದಿಗೂ ನಗರದ ಎಷ್ಟೋ ಫ್ಲ್ಯಾಟುಗಳಲ್ಲಿ ಕೆಲಸದವರಿಗೆ ಬೇರೆ ಲೋಟ ಇರುತ್ತದೆ, ಆದರೆ ಸಿಂಕಿನ ಬಳಿ ಅವರಿಗಾಗಿ ಸೋಪು ಇರುವುದಿಲ್ಲ. ಬೇರೆ ಲೋಟದಿಂದ ಯಾರ ಹೊಟ್ಟೆಯೂ ಉಳಿಯುವುದಿಲ್ಲ. ಸೋಪಿನಿಂದ ಎಲ್ಲರ ಹೊಟ್ಟೆಯೂ ಉಳಿಯುತ್ತದೆ.

ನಮ್ಮ ಐಟಿ ಕೆಲಸದಲ್ಲಿ ಸಿಸ್ಟಮ್ ಕೆಟ್ಟಾಗ ಯಾರು ಕೆಡಿಸಿದರು ಎನ್ನುವುದಕ್ಕಿಂತ ಎಲ್ಲಿ ತಪ್ಪಿತು ಎಂದು ಹುಡುಕುವುದು ಒಳ್ಳೆಯ ಪದ್ಧತಿ. ಅಡುಗೆಮನೆಗೂ ಅದೇ ಸರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಐದೇ ಮಾತು: ಶುಚಿಯಾಗಿಡಿ, ಹಸಿಯದನ್ನೂ ಬೇಯಿಸಿದ್ದನ್ನೂ ಬೇರೆಯಾಗಿಡಿ, ಚೆನ್ನಾಗಿ ಬೇಯಿಸಿ, ಸರಿಯಾದ ಉಷ್ಣತೆಯಲ್ಲಿಡಿ, ಶುದ್ಧ ನೀರು ಮತ್ತು ಒಳ್ಳೆಯ ಪದಾರ್ಥ ಬಳಸಿ. ಮಾಡಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಫ್ರಿಜ್ 5 ಡಿಗ್ರಿಗಿಂತ ತಣ್ಣಗಿರಬೇಕು. ಅನ್ನದ ವಿಷಯದಲ್ಲಂತೂ ಇದು ಮುಖ್ಯ. ಬೆಂದ ಅನ್ನದಲ್ಲೂ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಬೀಜಕಗಳು ಹೊರಗಿಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ತವೆ. ಆ ವಿಷ ಮರುದಿನ ಚಿತ್ರಾನ್ನಕ್ಕೆ ಕಲಸಿ ಬಿಸಿ ಮಾಡಿದರೂ ಹೋಗುವುದಿಲ್ಲ.

ಈ ಐದು ಮಾತುಗಳನ್ನು ಅಡುಗೆ ಮಾಡುವವರು ಮಾತ್ರವಲ್ಲ, ಮನೆಯಲ್ಲಿ ಉಣ್ಣುವವರೆಲ್ಲರೂ ಕಲಿಯಲಿ. ಆಗ "ಅಡುಗೆ ಮಾಡಿದ್ದು ಯಾರು?" ಎಂಬ ಪ್ರಶ್ನೆಗೆ ಒಬ್ಬಳೇ ತಲೆ ತಗ್ಗಿಸಿ ನಿಲ್ಲುವುದು ತಪ್ಪುತ್ತದೆ.