ಉಪ್ಪು, ಶೋಫ, ವೃಕ್ಕ: ಒಂದು ಪದವಿಚಾರ

ತುಮಕೂರು ನಗರಕ್ಕೆ ಸೇರಿರುವ ಉಪ್ಪಾರಹಳ್ಳಿಯ ಹೆಸರಿನಲ್ಲಿ ಒಂದು ಹಳೆಯ ಕಸುಬು ಉಳಿದುಕೊಂಡಿದೆ. ಚೌಳುಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಸೋಸಿ, ಆರಿಸಿ ಉಪ್ಪನ್ನು ತೆಗೆಯುತ್ತಿದ್ದವರು ಉಪ್ಪಾರರು. ಅವರಿಗೆ ಮೇಲುಸಕ್ಕರೆಯವರೆಂಬ ಹೆಸರೂ ಉಂಟು. ಉಪ್ಪನ್ನೇ ಮೇಲಾದ ಸಕ್ಕರೆಯೆಂದ ಆ ಮಾತಿನಲ್ಲಿ, ಕಡಲಿಗೆ ದೂರವಾದ ಸೀಮೆಯಲ್ಲಿ ಆ ಪದಾರ್ಥಕ್ಕಿದ್ದ ಗೌರವ ಕಾಣುತ್ತದೆ. ಇಂತಹ ಉಪ್ಪನ್ನು, ಮೈ ಬಾತ ರೋಗಿಗೆ ಪ್ರಾಚೀನ ವೈದ್ಯರು ನಿಷೇಧಿಸಿದರು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಶೋಫರೋಗಿಯು ವರ್ಜಿಸಬೇಕಾದವುಗಳಲ್ಲಿ ಹಿಟ್ಟಿನ ತಿನಿಸು, ಹುಳಿ, ಮದ್ಯಗಳೊಡನೆ ಲವಣವೂ ಎಣಿಕೆಯಾಗಿದೆ.

ಇದನ್ನು ಕಂಡು, ಮೂತ್ರಪಿಂಡದ ರೋಗವು ನಮ್ಮವರಿಗೆ ತಿಳಿದಿದ್ದಿತೆಂದು ಹೇಳುವ ಉತ್ಸಾಹ ಸಹಜವೇ. ಆದರೆ ಅದು ನನಗೆ ಸಮ್ಮತವಲ್ಲ. ಸುಶ್ರುತನು ವೃಕ್ಕಗಳನ್ನು ಬಲ್ಲನು. ಆದರೆ ಕಟಿಯೊಡನೆ ಅವುಗಳನ್ನು ಮೇದೋವಹ ಸ್ರೋತಸ್ಸುಗಳ ಮೂಲವೆನ್ನುತ್ತಾನೆ. ಮೂತ್ರವಹ ಸ್ರೋತಸ್ಸುಗಳ ಮೂಲವಾದರೋ ಬಸ್ತಿ ಮತ್ತು ಮೇಢ್ರ. ಅಶ್ಮರೀನಿದಾನದಲ್ಲಿ ಆತನು ಕೊಡುವ ಉಪಮೆ ಸೊಗಸಾದುದು: ಕೊರಳಿನವರೆಗೆ ನೀರಿನಲ್ಲಿಟ್ಟ ಹೊಸ ಮಡಕೆಯು ಪಕ್ಕಗಳಿಂದ ಜಿನುಗಿ ತುಂಬುವಂತೆ ಬಸ್ತಿಯು ಮೂತ್ರದಿಂದ ತುಂಬುತ್ತದೆ. ಈ ವರ್ಣನೆಯಲ್ಲಿ ವೃಕ್ಕಕ್ಕೆ ಕೆಲಸವೇ ಇಲ್ಲ. ಪಥ್ಯ ಸರಿಯಾಗಿದ್ದಿತು, ಅಂಗದ ಸಂಬಂಧ ಮಾತ್ರ ಕೂಡಿರಲಿಲ್ಲ. ಕ್ರಿ. ಶ. ಎರಡನೆಯ ಶತಮಾನದಲ್ಲಿ ಗ್ರೀಕ್ ವೈದ್ಯನಾದ ಗ್ಯಾಲೆನನು ಪ್ರಾಣಿಗಳ ಮೂತ್ರನಾಳಗಳನ್ನು ಕಟ್ಟಿ, ಬಸ್ತಿಗೆ ಮೂತ್ರವು ವೃಕ್ಕದಿಂದಲೇ ಇಳಿಯುವುದೆಂದು ತೋರಿಸಿದ್ದನು.

ಕ್ರಿ. ಶ. ಸು. 1150ರಲ್ಲಿ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನಿಂದ ಮೊದಲ್ಗೊಂಡು ನಮ್ಮ ವೈದ್ಯಕವಿಗಳು ಸಂಸ್ಕೃತದ ಪರಿಭಾಷೆಯನ್ನೇ ಆಶ್ರಯಿಸಿದರು. ಆ ಪರಂಪರೆಯಲ್ಲಿ ಶೋಫ, ಮೂತ್ರಕೃಚ್ಛ್ರ, ಅಶ್ಮರಿ, ಪ್ರಮೇಹಗಳು ಬೇರೆ ಬೇರೆ ರೋಗಗಳು. ಮೂತ್ರಪಿಂಡ, ಮೂತ್ರಜನಕಾಂಗ ಎಂಬ ಮಾತುಗಳಲ್ಲಿ ಅಂಗದ ಕಾರ್ಯವೂ ಅಡಗಿದೆ, ವೃಕ್ಕದಲ್ಲಿ ಅದಿಲ್ಲ. ಟೀಕಾಕಾರನು ವೃಕ್ಕಕ್ಕೆ ಮೂತ್ರಪಿಂಡವೆಂದಷ್ಟೇ ಅರ್ಥ ಬರೆದರೆ, ಅಂಗ ತಪ್ಪುವುದಿಲ್ಲ, ಗ್ರಂಥಕಾರನ ಅಭಿಪ್ರಾಯ ತಪ್ಪುತ್ತದೆ. ಇದು ಪಂಡಿತರ ಕೂದಲು ಸೀಳುವ ಚರ್ಚೆಯಲ್ಲ. ಅಶ್ಮರಿಗೆ ಹೇಳಿದ ಕ್ಷಾರಪ್ರಯೋಗಗಳನ್ನು ಮೂತ್ರಪಿಂಡದ ಔಷಧವೆಂದು ಇಂದಿನ ಓದುಗನು ಗ್ರಹಿಸಿದರೆ ಪ್ರಾಣಕ್ಕೇ ಅಪಾಯ. ಏಕೆಂದರೆ ಯವಕ್ಷಾರದಲ್ಲಿ ಮುಖ್ಯವಾಗಿರುವುದು ಪೊಟ್ಯಾಸಿಯಮ್ ಲವಣ, ಸೋತ ಮೂತ್ರಪಿಂಡವು ಅದನ್ನು ಹೊರಹಾಕಲಾರದೆ ಹೃದಯವು ನಿಲ್ಲಬಹುದು.

ಬಾವು, ಮೂತ್ರ, ಅಂಗ ಈ ಮೂರನ್ನೂ ಒಂದೆಡೆ ಸೇರಿಸಿದವನು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. ಬಾತ ರೋಗಿಗಳ ಮೂತ್ರವನ್ನು ಚಮಚದಲ್ಲಿಟ್ಟು ಮೇಣದಬತ್ತಿಯ ಮೇಲೆ ಕಾಯಿಸಿದರೆ ಅದು ಹೆಪ್ಪುಗಟ್ಟುತ್ತಿದ್ದಿತು; ಅವರು ಸತ್ತಮೇಲೆ ಕೊಯ್ದು ನೋಡಿದರೆ ಮೂತ್ರಪಿಂಡಗಳು ಕೆಟ್ಟಿರುತ್ತಿದ್ದುವು. ಇದನ್ನು ಆತನು 1827ರಲ್ಲಿ ಪ್ರಕಟಿಸಿದನು. 1842ರಲ್ಲಿ ಇಂತಹ ರೋಗಿಗಳಿಗಾಗಿಯೇ ಎರಡು ವಾರ್ಡುಗಳನ್ನೂ, ಅವುಗಳಿಗೆ ಹೊಂದಿದ ಒಂದು ಸಣ್ಣ ಪ್ರಯೋಗಶಾಲೆಯನ್ನೂ ಅವನ ವಶಕ್ಕೆ ಬಿಟ್ಟುಕೊಟ್ಟರು. ಆರೈಕೆ, ಶೋಧನೆ, ಶಿಕ್ಷಣಗಳು ಒಂದೇ ಸೂರಿನಡಿ ನಡೆಯುವ ಈಗಿನ ಮೂತ್ರಪಿಂಡ ವಿಭಾಗಗಳ ಮೂಲರೂಪವನ್ನು ಅಲ್ಲಿ ಕಾಣಬಹುದು. ಉಪ್ಪನ್ನು ಬಿಡಿಸಿದರೆ ಬಾವು ಇಳಿಯುವುದೆಂದು ಪ್ಯಾರಿಸ್ಸಿನ ವಿಡಾಲನು 1903ರ ಸುಮಾರಿನಲ್ಲಿ ತೂಗಿ ಅಳೆದು ಸ್ಥಾಪಿಸಿದನು.

ನಮ್ಮ ನಾಡಿನಲ್ಲಿ ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಮೂತ್ರಪಿಂಡಕ್ಕೆಂದೇ ಮೀಸಲಾದ ಸರ್ಕಾರಿ ಸಂಸ್ಥೆಯು ಈಗ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದ್ದು, ಚಿಕಿತ್ಸೆಯೊಡನೆ ತಜ್ಞರ ಶಿಕ್ಷಣವನ್ನೂ ನಡೆಸುತ್ತಿದೆ. ಇಂದಿನ ವೈದ್ಯರೂ ಉಪ್ಪನ್ನು ತಗ್ಗಿಸೆನ್ನುತ್ತಾರೆ. ಲವಣಗಳಲ್ಲಿ ಸೈಂಧವವೇ ಶ್ರೇಷ್ಠವೆಂಬ ಹಳೆಯ ಮಾತನ್ನು ನಂಬಿ ಅದನ್ನು ಧಾರಾಳವಾಗಿ ಬಳಸುವವರುಂಟು. ಸೈಂಧವವೂ ಬಹುಪಾಲು ಅದೇ ಸೋಡಿಯಮ್ ಕ್ಲೋರೈಡು.

ಆದಕಾರಣ ವೈದ್ಯಗ್ರಂಥಗಳ ಸಂಪಾದಕರು ವೃಕ್ಕ ಶಬ್ದಕ್ಕೆ ಹೀಗೆ ಅರ್ಥ ಬರೆಯಬಹುದೆಂದು ತೋರುತ್ತದೆ: 'ಇಂದಿನ ಮೂತ್ರಪಿಂಡ, ಪ್ರಾಚೀನರ ಮತದಲ್ಲಿ ಮೇದಸ್ಸಿನ ಸ್ಥಾನ, ಮೂತ್ರೋತ್ಪತ್ತಿಗೆ ಸಂಬಂಧಿಸಿದುದಲ್ಲ.'