ಸತ್ಯಶೋಧನೆಯ ಹೆಸರಿನಲ್ಲಿ ಹಿಂಸೆ

ಬೆಂಗಳೂರು ದಂಡುಪ್ರದೇಶದ ಶಿವಾಜಿನಗರದಲ್ಲಿರುವ ಬೌರಿಂಗ್ ಆಸ್ಪತ್ರೆಯು 1860ರ ದಶಕದಲ್ಲಿ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರ ಹೆಸರನ್ನು ಹೊತ್ತಿದೆ. ರೋಗೋಪಶಮನಕ್ಕೆಂದು ನಿಂತ ಈ ಸಂಸ್ಥೆಯಲ್ಲಿ ಪ್ರಸ್ತುತ ಶತಮಾನದ ಮೊದಲ ದಶಕದಲ್ಲಿ ಬೇರೊಂದು ಕಾರ್ಯವೂ ನಡೆಯಿತು. ಆರೋಪಿಗೆ ಸೋಡಿಯಂ ಪೆಂಟೊಥಾಲ್ ಚುಚ್ಚಿ, ಅರೆಪ್ರಜ್ಞೆಯಲ್ಲಿರಿಸಿ ಪ್ರಶ್ನಿಸುವ ಮಂಪರು ಪರೀಕ್ಷೆಯೇ ಅದು. ಇದಕ್ಕಾಗಿ ಅನ್ಯರಾಜ್ಯಗಳಿಂದಲೂ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಲಾಠಿಯ ಬದಲು ಸೂಜಿ ಬಂದಿತು, ಹಿಂಸೆಯ ಸ್ಥಾನದಲ್ಲಿ ವಿಜ್ಞಾನ ನಿಂತಿತು ಎಂಬುದು ಇದರ ಪಕ್ಷಪಾತಿಗಳ ವಾದವಾಗಿತ್ತು.

ಹಿಂಸೆಯನ್ನು ಹೀಗೆ ಸಮರ್ಥಿಸುವುದು, ಇಲ್ಲವೇ ಅದರ ಹೊಣೆಯನ್ನು ಜಾರಿಸುವುದು, ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಬಳ್ಳಾರಿ ಮತ್ತು ಕನ್ನಡ ಜಿಲ್ಲೆಗಳು ಸೇರಿದ್ದ ಮದರಾಸು ಪ್ರಾಂತದಲ್ಲಿ ಕಂಪನಿ ಸರಕಾರವು ನೇಮಿಸಿದ ಆಯೋಗವು 1855ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಬೆರಳುಗಳನ್ನು ಅಮುಕುವ ಮರದ ಕಿಟ್ಟಿ, ದೇಹವನ್ನು ಬಾಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು, ಕಣ್ಣಿಗೆ ಮೆಣಸಿನಪುಡಿ: ಇವೆಲ್ಲವೂ ತಪ್ಪೊಪ್ಪಿಗೆಗೆ ಮಾತ್ರವಲ್ಲ, ಕಂದಾಯ ವಸೂಲಿಗೂ ಬಳಕೆಯಲ್ಲಿದ್ದುವು. ಆಯೋಗವು ಹಿಂಸೆಯನ್ನು ಒಪ್ಪಿಕೊಂಡಿತಾದರೂ ದೋಷವನ್ನು ದೇಶೀಯ ನೌಕರರ ತಲೆಗೆ ಕಟ್ಟಿತು. ವಸೂಲಿಯ ಹಣ ಯಾರ ಬೊಕ್ಕಸವನ್ನು ಸೇರುತ್ತಿತ್ತೆಂಬುದು ಮಾತ್ರ ಎಲ್ಲರಿಗೂ ತಿಳಿದದ್ದೇ.

ತರುವಾಯ 1860ರ ದಂಡಸಂಹಿತೆಯ 330ನೆಯ ಕಲಮು ತಪ್ಪೊಪ್ಪಿಗೆಗಾಗಿ ನೋಯಿಸುವುದನ್ನು ಅಪರಾಧವೆಂದು ಸಾರಿತು. 1872ರ ಸಾಕ್ಷ್ಯ ಅಧಿನಿಯಮವು ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಆದರೆ ಅದರ 27ನೆಯ ಕಲಮು, ಆರೋಪಿಯ ಹೇಳಿಕೆಯಿಂದ ವಸ್ತುವೇನಾದರೂ ಪತ್ತೆಯಾದರೆ ಆ ಹೇಳಿಕೆಯ ಅಷ್ಟು ಭಾಗವನ್ನು ಒಪ್ಪಿತು. ಮುಚ್ಚಿದ ಬಾಗಿಲಿಗೆ ಉಳಿದ ಕಿಂಡಿ ಇದೇ.

2004ರಲ್ಲಿ ಕೋರಮಂಗಲ ಠಾಣೆಯ ಪ್ರಕರಣವೊಂದರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಇಂಥ ವೈಜ್ಞಾನಿಕ ಪರೀಕ್ಷೆಗಳ ಪರವಾಗಿ ತೀರ್ಪಿತ್ತಿತು. ಅದೇ ಮುಂದೆ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂದು ಪ್ರಸಿದ್ಧವಾಗಿ, 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ನಿರ್ಣಯವಾಯಿತು. ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಪೀಠವು, ಸಮ್ಮತಿಯಿಲ್ಲದ ಪರೀಕ್ಷೆಯು ಸಂವಿಧಾನದ 20(3) ಮತ್ತು 21ನೆಯ ಅನುಚ್ಛೇದಗಳಿಗೆ ವಿರುದ್ಧವೆಂದಿತು. ಲಾಠಿಗಿಂತ ಸೂಜಿ ಮೇಲೆಂಬ ವಾದವನ್ನೂ ಪೀಠವು ತಳ್ಳಿಹಾಕಿತು. ಒಂದು ಅಕ್ರಮದ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸುವುದು ಸಮರ್ಥನೆಯಾಗದೆಂದು ಅದರ ಅಭಿಪ್ರಾಯ. ಮೆಚ್ಚತಕ್ಕ ಮಾತು. ಆದರೂ ಸ್ವಇಚ್ಛೆಯ ಪರೀಕ್ಷೆಗೆ, ಅದರಿಂದ ಪತ್ತೆಯಾದ ವಸ್ತುವಿಗೆ, ತೀರ್ಪಿನಲ್ಲಿ ಎಡೆಯುಳಿಯಿತು. ಪೊಲೀಸರ ವಶದಲ್ಲಿರುವವನ ಇಚ್ಛೆ ಎಷ್ಟರಮಟ್ಟಿಗೆ ಅವನದೆಂಬುದು ಕಠಿಣ ಪ್ರಶ್ನೆ.

1997ರಲ್ಲಿ ಭಾರತವು ಚಿತ್ರಹಿಂಸಾವಿರೋಧಿ ವಿಶ್ವಸಂಸ್ಥೆಯ ಒಡಂಬಡಿಕೆಗೆ ಸಹಿ ಹಾಕಿತು. ಅನುಮೋದನೆ ಇನ್ನೂ ದೊರೆತಿಲ್ಲ. 1872ರ ಅಧಿನಿಯಮದ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಾಕ್ಷ್ಯಕಾಯಿದೆಯಲ್ಲಿ ಹಳೆಯ 27ನೆಯ ಕಲಮು 23ನೆಯ ಕಲಮಿನ ಉಪಬಂಧವಾಗಿ ಉಳಿದುಕೊಂಡಿದೆ.